ಹಳೇ ಡೋಜರ್ ಕೊಳ್ಳೋದೋ ಬಿಡೋದೋ: ನಮ್ಮ ಆರು ತಿಂಗಳ ಕಥೆ

ನಮ್ಮ ಹೊಲ ಇರೋದು ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆಯ ಕೊನೆಗೆ. ಪಾಲಾದಾಗ ನನಗೆ ಬಂದದ್ದು ಹನ್ನೊಂದು ಎಕರೆ ಗದ್ದೆ, ಅದಕ್ಕೆ ಹೊಂದಿಕೊಂಡು ನಾಲ್ಕು ಎಕರೆ ಬಳ್ಳಾರಿ ಜಾಲಿ. ಗದ್ದೆ ಅನ್ನೋದು ಹೆಸರಿಗೆ. ಈ ಮೂಲೆಯಿಂದ ಆ ಮೂಲೆಗೆ ಎರಡೂವರೆ ಅಡಿ ಇಳಿಜಾರು. ತಗ್ಗಿನಲ್ಲಿ ನೀರು ನಿಂತು ಚೌಳು ಎದ್ದಿತ್ತು, ಏರಿನಲ್ಲಿ ನೀರೇ ಹತ್ತುತ್ತಿರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ನಮ್ಮೂರಲ್ಲಿ ಒಂದು ವಾರ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನೋ ಉಕ್ಕಿನ ಅಡ್ಡಹಲಗೆ ಇಳಿಸಿ ನೀರು ನಿಲ್ಲಿಸಿದರು, ಆಮೇಲೆ ಮಳೆಯೂ ಬಂತು. ಆದರೆ ಆ ವಾರದ ಹೆದರಿಕೆ ನನ್ನೊಳಗೆ ಉಳಿದುಬಿಟ್ಟಿತು. ಬರುವ ನೀರು ಕಮ್ಮಿಯಾದರೂ ಸಾಲಬೇಕು ಅಂದರೆ ಮೊದಲು ಹೊಲ ಮಟ್ಟ ಆಗಬೇಕು.

ಟ್ರ್ಯಾಕ್ಟರಿಗೆ ಕಟ್ಟುವ ಲೇಸರ್ ಲೆವೆಲರ್ ನಾಲ್ಕೈದು ಇಂಚಿನ ಏರುತಗ್ಗಿಗೆ ಸರಿ. ಅಡಿಗಟ್ಟಲೆ ಮಣ್ಣು ಕಡಿದು ತಳ್ಳೋದಕ್ಕೆ, ಜಾಲಿ ಬೊಡ್ಡೆ ಬೇರುಸಮೇತ ಕೀಳೋದಕ್ಕೆ ಚೈನ್ ಡೋಜರೇ ಬೇಕು, ಅಂದರೆ ಟೈರಿನ ಬದಲು ಕಬ್ಬಿಣದ ಚೈನಿನ ಮೇಲೆ ಓಡುವ, ಮುಂದೆ ಮಣ್ಣು ತಳ್ಳುವ ಬ್ಲೇಡ್ ಇರುವ ಯಂತ್ರ. ಅದರ ಭಾರ ಉದ್ದಕ್ಕೆ ಹಂಚಿಹೋಗೋದರಿಂದ ಎರೆ ಮಣ್ಣಿನಲ್ಲಿ ಹೂತುಕೊಳ್ಳೋದೂ ಕಮ್ಮಿ. ಆಗ ಬಾಡಿಗೆ ಗಂಟೆಗೆ 1,800 ರೂಪಾಯಿ ಇತ್ತು. ನನ್ನ ಹೊಲಕ್ಕೆ 120 ಗಂಟೆ ಹಿಡಿಯುತ್ತದೆ ಎಂದರು, ಅಂದರೆ 2 ಲಕ್ಷ 16 ಸಾವಿರ. ದುಡ್ಡಿಗಿಂತ ದೊಡ್ಡ ಕಷ್ಟ ಸಮಯದ್ದು. ಎರಡನೇ ಬೆಳೆ ಕೊಯ್ದು ಕಾಲುವೆ ಬಂದಾದ ಮೇಲೆ ಜುಲೈನಲ್ಲಿ ನೀರು ಬಿಡುವವರೆಗೆ ಇರೋದು ಎರಡೂವರೆ ತಿಂಗಳು. ಆ ಎರಡೂವರೆ ತಿಂಗಳೂ ಎಲ್ಲರಿಗೂ ಡೋಜರ್ ಬೇಕು. ಹಿಂದಿನ ಎರಡು ಬೇಸಿಗೆ ಮುಂಗಡ ಕೊಟ್ಟು ಕಾದೆ, ಯಂತ್ರ ಬರಲಿಲ್ಲ. ಹಾಗಾಗಿ ಒಂದು ಹಳೇದನ್ನೇ ಕೊಂಡುಬಿಡೋಣ ಅನ್ನೋ ಯೋಚನೆ ಬಂತು.

2025ರ ಜನವರಿ, ಕೊಪ್ಪಳದ ಗವಿಮಠದ ಜಾತ್ರೆ ಮುಗಿದ ವಾರ. ಸಂಡೂರು ಕಡೆ ಬಿಇಎಂಎಲ್ ಕಂಪನಿಯ ಒಂದು ಡಿ50 ಡೋಜರ್ ಇದೆ ಎಂದು ದಲ್ಲಾಳಿ ಕರೆದೊಯ್ದ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಕೈಯಿಂದ ಕೈಗೆ ಬಂದ ಯಂತ್ರ ಅದು. ಹೊಸ ಹಳದಿ ಬಣ್ಣ ಹೊಡೆದಿತ್ತು. ಸೆಲ್ಫ್ ಸ್ಟಾರ್ಟರ್ ಅರ್ಧ ತಿರುಗುವಷ್ಟರಲ್ಲೇ ಎಂಜಿನ್ ಹೊತ್ತಿಕೊಂಡಿತು. ಬ್ಲೇಡ್ ಎತ್ತಿ ಇಳಿಸಿ, ಹತ್ತು ಹೆಜ್ಜೆ ಮುಂದೆ ಹಿಂದೆ ಓಡಿಸಿ ತೋರಿಸಿದರು. ಆರೂವರೆ ಲಕ್ಷ ಹೇಳಿ 5 ಲಕ್ಷ 20 ಸಾವಿರಕ್ಕೆ ಇಳಿದರು. ಸಂಜೆ ಒಳಗೆ ಬೇರೆಯವರು ಬರುತ್ತಾರೆ ಎಂದರು. ನಾನು ಅಲ್ಲೇ ಫೋನಿನಲ್ಲಿ ಹತ್ತು ಸಾವಿರ ಮುಂಗಡ ಹಾಕಿದೆ. ಪೂರ್ತಿ 25 ಸಾವಿರ ಹಾಕುವವನಿದ್ದೆ, ಜೊತೆಗಿದ್ದ ನಮ್ಮ ಮಾವ ಕೈ ಹಿಡಿದು ನಿಲ್ಲಿಸಿದರು. "ಒಬ್ಬ ಮೇಸ್ತ್ರಿ ನೋಡ್ಲಿ, ಆಮ್ಯಾಲೆ ಕೊಡೂಣು."

ಹೊಸಪೇಟೆಯಲ್ಲಿ ಗಣಿ ಯಂತ್ರಗಳ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದ ಒಬ್ಬ ಮೇಸ್ತ್ರಿ ಇದ್ದಾರೆ. ಎಲ್ಲರೂ ಚಾಚಾ ಅಂತಲೇ ಕರೆಯೋದು. ನೋಡೋದಕ್ಕೆ ಮೂರು ಸಾವಿರ ಕೇಳಿದರು. ಇಡೀ ವ್ಯವಹಾರದಲ್ಲಿ ನಾನು ಕೊಟ್ಟ ದುಡ್ಡಿನಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಆ ಮೂರು ಸಾವಿರ. ಮಾರುವವರಿಗೆ ಹೇಳದೆ ಬೆಳಿಗ್ಗೆ ಆರೂವರೆಗೇ ಹೋಗಬೇಕು ಅನ್ನೋದು ಅವರ ಷರತ್ತು. ಹೋದೊಡನೆ ಮೊದಲು ಎಂಜಿನ್ ಮುಟ್ಟಿ ನೋಡಿದರು, ತಣ್ಣಗಿತ್ತು. ಸ್ಟಾರ್ಟ್ ಮಾಡಿಸಿದರು. ಅಂದು ಅರ್ಧ ಸೆಲ್ಫ್‌ಗೆ ಹೊತ್ತಿದ್ದ ಎಂಜಿನ್ ಇಂದು ಏಳನೇ ಸಲಕ್ಕೆ ಬಿಳಿ ಹೊಗೆ ಕಾರುತ್ತ ಎದ್ದಿತು. ಮೊದಲ ದಿನ ನಾವು ಬರುವ ಮುಂಚೆಯೇ ಬಿಸಿ ಮಾಡಿಟ್ಟಿದ್ದರು ಎಂದು ಆಗ ಗೊತ್ತಾಯಿತು. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಪುಸುಪುಸು ಹೊಗೆ ಬರುತ್ತಿತ್ತು. ಪಿಸ್ಟನ್ ರಿಂಗ್ ಸವೆದಿವೆ ಎಂದೆ ನಾನು. ಚಾಚಾ ಆ ಕಡೆ ಹೆಚ್ಚು ನೋಡಲೇ ಇಲ್ಲ.

"ತಮ್ಮಾ, ಎಂಜಿನ್ ಆವಾಜಿಗೆ ಮರುಳಾಗಬ್ಯಾಡ. ಎಂಜಿನ್ನು ಬಳ್ಳಾರಿಯಾಗ ಯಾರ್ ಬೇಕಾದ್ರೂ ಕಟ್ತಾರ. ಕೆಳಗ ಕುಂತು ನೋಡು. ರೊಕ್ಕ ಎಲ್ಲಾ ಕೆಳಗ ಐತಿ."

ಆಮೇಲೆ ಎರಡು ತಾಸು ಅವರು ನೆಲದ ಮೇಲೇ ಇದ್ದರು. ಮೊದಲು ಸ್ಪ್ರಾಕೆಟ್, ಚೈನನ್ನು ತಿರುಗಿಸುವ ಹಲ್ಲಿನ ಚಕ್ರ. ಹಲ್ಲಿನ ತುದಿ ಅಗಲವಾಗಿ ಮೊಂಡಾಗಿರಬೇಕು, ಇಲ್ಲಿ ಕುಡುಗೋಲಿನ ಹಾಗೆ ಚೂಪಾಗಿತ್ತು. ಚೈನ್ ಬಿಗಿದು ನಿಲ್ಲುವ ಹಾಗೆ ಸ್ಪ್ರಾಕೆಟ್ ಹಲ್ಲಿಗೆ ಒಂದು ಹಳೇ ಪಿನ್ ಸಿಕ್ಕಿಸಿ ಯಂತ್ರವನ್ನು ಒಂಚೂರು ಸರಿಸಿದರು. ನಾಲ್ಕು ಲಿಂಕಿನ ಉದ್ದವನ್ನು ಟೇಪಿನಲ್ಲಿ ಅಳೆದು ತಮ್ಮ ಪುಸ್ತಕದ ಅಳತೆಗೆ ಹೋಲಿಸಿದರು. ಚೈನ್ ಉದ್ದವಾಗೋದು ಕಬ್ಬಿಣ ಹಿಗ್ಗಿ ಅಲ್ಲ, ಲಿಂಕುಗಳನ್ನು ಜೋಡಿಸುವ ಪಿನ್ನೂ ಅದರ ಮೇಲಿನ ಕೊಳವೆ ಬುಷ್ಷೂ ತಿಂದುಹೋಗಿ. ಒಂದೇ ಮಗ್ಗುಲು ಸವೆದಿದ್ದರೆ ಪಿನ್-ಬುಷ್ ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಇನ್ನಷ್ಟು ಕಾಲ ಓಡುತ್ತದೆ. ಇದರಲ್ಲಿ ಬುಷ್ಷಿನ ಎರಡೂ ಮಗ್ಗುಲು ಸವೆದಿತ್ತು, ಅಂದರೆ ಒಂದು ಸಲ ಆಗಲೇ ತಿರುಗಿಸಿ ಮುಗಿಸಿದ್ದರು. ಚೈನಿನ ಮೇಲೆ ಉರುಳುವ ಕೆಳಗಿನ ರೋಲರ್‌ಗಳಲ್ಲಿ ಐದು ಎಣ್ಣೆ ಸೋರುತ್ತಿದ್ದವು. ಹೊಸ ಹಳದಿ ಬಣ್ಣವನ್ನು ಉಗುರಿನಿಂದ ಕೆರೆದರೆ ಒಳಗೆ ಅದಿರಿನ ಕೆಂಪು ಧೂಳು ಗ್ರೀಸಿನೊಂದಿಗೆ ಗಟ್ಟಿಯಾಗಿ ಕೂತಿತ್ತು. ಆ ಧೂಳೇ ಚೈನನ್ನು ಅರೆದು ತಿಂದದ್ದು. ಕೊನೆಗೆ ಎಡಗಡೆ ಫೈನಲ್ ಡ್ರೈವಿನ (ಸ್ಪ್ರಾಕೆಟನ್ನು ತಿರುಗಿಸುವ ಗೇರ್ ಪೆಟ್ಟಿಗೆ) ಡ್ರೈನ್ ಬೋಲ್ಟ್ ಸಡಿಲಿಸಿದಾಗ ಮೊದಲು ನೀರು ಬಂತು, ಆಮೇಲೆ ಅಂಬಲಿಯಂಥ ಎಣ್ಣೆ. ಬೆರಳಿಗೆ ಹಚ್ಚಿಕೊಂಡು ಬಿಸಿಲಿಗೆ ಹಿಡಿದರೆ ಕಬ್ಬಿಣದ ಪುಡಿ ಮಿಣಮಿಣ ಎನ್ನುತ್ತಿತ್ತು.

ಹೊಸಪೇಟೆಯ ಚಹಾ ಅಂಗಡಿಯಲ್ಲಿ ಕೂತು ಲೆಕ್ಕ ಬರೆದೆವು. ಚೈನಿಗೆ ಬಿಗಿದ, ನೆಲಕ್ಕೆ ತಾಗುವ ಹಳೇ ಪ್ಲೇಟುಗಳನ್ನೇ ಉಳಿಸಿಕೊಂಡು ಎರಡೂ ಬದಿಗೆ ಹೊಸ ಚೈನ್ 2 ಲಕ್ಷ 60 ಸಾವಿರ, ಸ್ಪ್ರಾಕೆಟ್ 44 ಸಾವಿರ, ರೋಲರ್ 45 ಸಾವಿರ, ಎಂಜಿನ್ 1 ಲಕ್ಷ 60 ಸಾವಿರ, ಡೀಸೆಲ್ ಪಂಪು ನಾಜಲ್ 35, ಫೈನಲ್ ಡ್ರೈವ್ 60, ಯಂತ್ರ ತಿರುಗಿಸುವ ಸ್ಟೇರಿಂಗ್ ಕ್ಲಚ್ 45, ಯಂತ್ರ ಹೊತ್ತು ತರುವ ತಗ್ಗು ಲಾರಿ ಲೋಬೆಡ್ 28, ಕೂಲಿ 70. ಎಲ್ಲ ಸೇರಿ 7 ಲಕ್ಷ 47 ಸಾವಿರ. ಯಂತ್ರದ ಬೆಲೆ ಕೂಡಿದರೆ 12 ಲಕ್ಷ 67 ಸಾವಿರ.

ಬಾಡಿಗೆಗೆ ಬಿಟ್ಟು ದುಡ್ಡು ತೆಗೆಯೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಚಾಚಾ ಅದನ್ನೂ ಬರೆಸಿದರು. ಗಂಟೆಗೆ ಹತ್ತು ಲೀಟರ್ ಡೀಸೆಲ್, ಲೀಟರಿಗೆ 90 ಹಿಡಿದರೆ 900. ಆಪರೇಟರಿಗೆ 250, ಎಣ್ಣೆ ಗ್ರೀಸಿಗೆ 60. 1,800ರಲ್ಲಿ ಉಳಿಯೋದು 590. ಮುಂದೆ ಮತ್ತೆ ಚೈನ್ ಹಾಕಿಸೋದಕ್ಕೆ ಗಂಟೆಗೆ 210 ಎತ್ತಿಡಲೇಬೇಕು. ಕೈಗೆ 380. ಆ ಲೆಕ್ಕದಲ್ಲಿ ಹಾಕಿದ ದುಡ್ಡು ವಾಪಸ್ ಬರೋದಕ್ಕೆ 3,300 ಗಂಟೆ ದುಡಿಸಬೇಕು. ನಮ್ಮ ಕಡೆ ಒಂದು ಬೇಸಿಗೆಗೆ ಐನೂರು ಗಂಟೆ ಸಿಕ್ಕರೆ ಹೆಚ್ಚು. ಆರು ವರ್ಷದ ಮೇಲಾಯಿತು, ಅಷ್ಟರಲ್ಲಿ ಚೈನ್ ಮತ್ತೆ ಸವೆದಿರುತ್ತದೆ. ಕಾಗದ ನನ್ನ ಕೈಯಲ್ಲೇ ಇತ್ತು, ಎದೆ ಭಾರವಾಯಿತು. ಮನಸ್ಸು ಆ ಯಂತ್ರವನ್ನು ಆಗಲೇ ನನ್ನ ಹೊಲದಲ್ಲಿ ಓಡಿಸುತ್ತಿತ್ತು.

ಇಷ್ಟಾದರೂ ಬಿಡಲಿಕ್ಕೆ ಮನಸ್ಸು ಬರಲಿಲ್ಲ. ಬೆಲೆ ಇನ್ನೂ ಇಳಿಸಬಹುದೇನೋ ಎಂದು ಮೂರು ವಾರ ಜಗ್ಗಾಡಿದೆ. ಕೊನೆಗೆ ಬಿಡಿಸಿದ್ದು ಕಾಗದಪತ್ರ. ಇದನ್ನು ಕೊಳ್ಳುವವರು ಗಮನಿಸಬೇಕು. ರಬ್ಬರ್ ಟೈರಿನ ಜೆಸಿಬಿಗೆ ಇರುವ ಹಾಗೆ ಸ್ಟೀಲ್ ಚೈನಿನ ಡೋಜರಿಗೆ ಆರ್‌ಸಿ ಇರುವುದಿಲ್ಲ. ಮಾಲೀಕ ಯಾರು ಅನ್ನೋದಕ್ಕೆ ಮೊದಲ ಇನ್‌ವಾಯ್ಸ್ ಬೇಕು, ಹರಾಜಿನಲ್ಲಿ ಕೊಂಡಿದ್ದರೆ ಅದರ ಡೆಲಿವರಿ ಆರ್ಡರ್ ಬೇಕು. ಅಲ್ಲಿಂದ ಇಲ್ಲಿಯವರೆಗೆ ಕೈ ಬದಲಾದ ಒಂದೊಂದು ಕರಾರು ಪತ್ರವೂ ಬೇಕು, ಸಾಲದಲ್ಲಿ ಕೊಂಡಿದ್ದರೆ ಬಾಕಿಯಿಲ್ಲ ಎಂಬ ಫೈನಾನ್ಸಿನವರ ಎನ್‌ಒಸಿ ಪತ್ರವೂ ಬೇಕು. ಇವರ ಹತ್ತಿರ ಇದ್ದದ್ದು ಒಂದು ಕರಾರಿನ ಜೆರಾಕ್ಸ್ ಮಾತ್ರ. ಅದರಲ್ಲಿದ್ದ ನಂಬರು, ಯಂತ್ರದ ಮೈಮೇಲಿನ ಪ್ಲೇಟಿನಲ್ಲಿದ್ದ ನಂಬರಿಗೆ ತಾಳೆಯಾಗುತ್ತಿತ್ತು. ಆದರೆ ಪ್ಲೇಟನ್ನು ಹಳೇ ರಿವೆಟ್ ತೆಗೆದು ಹೊಸ ಸ್ಕ್ರೂನಲ್ಲಿ ಕೂರಿಸಿದ್ದರು. ಅಸಲು ಕಾಗದ ಇವತ್ತು ಬರ್ತದೆ, ನಾಳೆ ಬರ್ತದೆ ಎಂದು ಹೇಳುತ್ತಲೇ ಇದ್ದರು, ಬರಲಿಲ್ಲ. ನಾನು ಹಿಂದೆ ಸರಿದೆ. ಹತ್ತು ಸಾವಿರದಲ್ಲಿ ಏಳು ಸಾವಿರ ಎರಡು ತಿಂಗಳ ಮೇಲೆ ವಾಪಸ್ ಬಂತು. ಮುಂಗಡ ಹಾಕುವಾಗ ಯಾತಕ್ಕೆ, ಯಾವ ಷರತ್ತಿನ ಮೇಲೆ ಅನ್ನೋದನ್ನು ಫೋನಿನಲ್ಲೇ ಆದರೂ ಬರೆದು ಕಳಿಸಿ. ನಾನು ಬರೆದಿರಲಿಲ್ಲ.

ಮಾರ್ಚಿನಲ್ಲಿ ಚಾಚಾ ಅವರೇ ಫೋನ್ ಮಾಡಿದರು. ಸಿರುಗುಪ್ಪ ಕಡೆ ಒಂದು ಡಿ50 ಎರಡು ವರ್ಷದಿಂದ ಬೇವಿನ ಗಿಡದ ಕೆಳಗೆ ನಿಂತಿದೆ, ಎಂಜಿನ್ ಜಾಮ್ ಎಂದರು. ಹೋಗಿ ನೋಡಿದಾಗ ನನಗೆ ಹಿಡಿಸಲೇ ಇಲ್ಲ. ಬಣ್ಣ ಹೋಗಿ ತುಕ್ಕು, ಸೀಟಿನಲ್ಲಿ ಹುಲ್ಲು, ಹಕ್ಕಿಗೂಡು. ಆದರೆ ಕೆಳಗೆ ಕೂತು ನೋಡುವಷ್ಟು ಈಗ ನನಗೂ ಗೊತ್ತಿತ್ತು. ಸ್ಪ್ರಾಕೆಟ್ ಹಲ್ಲು ತುಂಬಿಕೊಂಡಿದ್ದವು. ಬುಷ್ ದುಂಡಗಿತ್ತು. ನಾಲ್ಕು ಲಿಂಕಿನ ಅಳತೆ ಹೊಸ ಚೈನಿಗೆ ಹತ್ತಿರ ಬಂತು. ಹೊಸ ಚೈನ್ ಹಾಕಿಸಿ ಮುನ್ನೂರು ಗಂಟೆ ಓಡಿಸುವಷ್ಟರಲ್ಲಿ ಮಾಲೀಕರು ತೀರಿಕೊಂಡರಂತೆ. ಯಂತ್ರ ನಿಂತಲ್ಲೇ ನಿಂತಿತು. ಸೈಲೆನ್ಸರ್ ಬಾಯಿ ಯಾರೂ ಮುಚ್ಚಲಿಲ್ಲ. ಎರಡು ಮಳೆಗಾಲದ ನೀರು ಅದರೊಳಗಿಂದ ಸಿಲಿಂಡರಿಗೆ ಇಳಿದಿತ್ತು, ಎಂಜಿನ್ ಜಾಮ್ ಆಗಿದ್ದು ಇಷ್ಟಕ್ಕೇ. ಫೈನಲ್ ಡ್ರೈವ್ ಎಣ್ಣೆ ಎರಡೂ ಕಡೆ ಕಪ್ಪಗಿದ್ದರೂ ನೀರಿಲ್ಲ, ಪುಡಿಯಿಲ್ಲ.

ಕೆಟ್ಟ ಎಂಜಿನ್, ಒಳ್ಳೆ ಚೈನ್. ಸಂಡೂರಿನದಕ್ಕೆ ಉಲ್ಟಾ. ನಾಲ್ಕೂವರೆ ಲಕ್ಷ ಕೇಳಿ 3 ಲಕ್ಷ 60 ಸಾವಿರಕ್ಕೆ ಒಪ್ಪಿದರು.

ಒಬ್ಬನೇ ಕೊಂಡರೆ ಇದೂ ಲೆಕ್ಕಕ್ಕೆ ಕೂರೋದಿಲ್ಲ. 120 ಗಂಟೆ ಕೆಲಸಕ್ಕೆ ಯಾರೂ ಯಂತ್ರ ಕೊಳ್ಳಬಾರದು. ದೊಡ್ಡಪ್ಪನ ಮಕ್ಕಳಿಬ್ಬರು, ಮಾವ, ನಾನು, ನಾಲ್ಕು ಮನೆಯವರು ಕೂತೆವು. ಎಲ್ಲರ ಹೊಲ ಸೇರಿ 38 ಎಕರೆ, ಸುಮಾರು ನಾನೂರು ಗಂಟೆ ಕೆಲಸ. ಎಕರೆ ಮೇಲೆ ಪಾಲು ಹಾಕೋದು, ಯಾರ ಹೊಲ ಮೊದಲು ಅನ್ನೋದಕ್ಕೆ ಚೀಟಿ ಎತ್ತೋದು ಎಂದು ಒಪ್ಪಂದವಾಯಿತು. ಇದನ್ನೂ ಬರೆದು ಸಹಿ ಹಾಕಿಕೊಂಡೆವು, ಅಣ್ಣ ತಮ್ಮಂದಿರೇ ಆದರೂ. ನಾನು ಕೇಳಿದ ಬ್ಯಾಂಕು ಇಷ್ಟು ಹಳೇ ಯಂತ್ರಕ್ಕೆ ಸಾಲ ಇಲ್ಲ ಎಂದಿತು. ನನ್ನ ಪಾಲಿಗೆ ಮನೆಯವಳ ಅವಲಕ್ಕಿ ಸರ ಅಡವಿಟ್ಟೆ. ಅವಳು ಬೇಡ ಎನ್ನಲಿಲ್ಲ. ಸರ ಬಿಚ್ಚಿ ಕೈಗೆ ಕೊಡುವಾಗ "ಈ ಸಲನಾದ್ರೂ ಕೊನೀ ಮಡಿಗೆ ನೀರು ಹತ್ತಲಿ" ಎಂದಳು. ಅಂದಿನಿಂದ ಕೆಲಸ ಮುಗಿಯುವವರೆಗೆ ಆ ಮಾತು ನನ್ನ ಬೆನ್ನಿಗಿತ್ತು.

ಇಲ್ಲಿ ಇನ್‌ವಾಯ್ಸ್, ಕರಾರು, ಎನ್‌ಒಸಿ ಎಲ್ಲ ಅಸಲು ಇದ್ದವು. ಆದರೆ ಮಾಲೀಕರು ಇಲ್ಲ. ಮಾರುತ್ತಿರುವುದು ಮಗ. ನೋಟರಿ ವಕೀಲರು ವಂಶವೃಕ್ಷ ತನ್ನಿ, ವಾರಸುದಾರರೆಲ್ಲರ ಸಹಿ ಆಗಬೇಕು ಎಂದರು. ನಾಡಕಚೇರಿಯಿಂದ ವಂಶವೃಕ್ಷ ಬರಬೇಕು, ಆದೋನಿಗೆ ಮದುವೆ ಮಾಡಿ ಕೊಟ್ಟ ಅವನ ಅಕ್ಕ ಬರಬೇಕು. ಅವರ ಮನೆಯಲ್ಲಿ ಮದುವೆ. ಹತ್ತೊಂಬತ್ತು ದಿನ ಕಾದೆವು. ಬಿಸಿಲು ಏರುತ್ತಿತ್ತು, ಒಂದೊಂದು ದಿನವೂ ನಮ್ಮ ಎರಡೂವರೆ ತಿಂಗಳಿನಿಂದ ಕಳೆಯುತ್ತಿತ್ತು. ಸಹಿ ಬೇಡ, ಮಗನೇ ಇದ್ದಾನಲ್ಲ ಎಂದು ನಮ್ಮ ದೊಡ್ಡಪ್ಪನ ಮಗನೊಬ್ಬ ಗಲಾಟೆ ಮಾಡಿದ. ಮಾವ ಒಪ್ಪಲಿಲ್ಲ. ಆ ಅಕ್ಕನೇ ಕರಾರು ಪೂರ್ತಿ ಓದಿಸಿ ಕೇಳಿ, ಅಪ್ಪನ ಯಂತ್ರ ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳಿ ಸಹಿ ಹಾಕಿದರು. ದುಡ್ಡು ಪೂರ್ತಿ ಆರ್‌ಟಿಜಿಎಸ್ ಮಾಡಿದೆವು.

ಓಡದ ಯಂತ್ರವನ್ನು ಲೋಬೆಡ್ಡಿಗೆ ಏರಿಸೋದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಸುಮಾರು ಹನ್ನೆರಡು ಟನ್ ಭಾರ. ಇನ್ನೊಂದು ಡೋಜರ್ ತಂದು ಎಳೆಸಿದರೆ ಬಲಗಡೆ ಚೈನ್ ಉರುಳಿತು, ಎಡಗಡೆಯದು ನೆಲ ಉಳುತ್ತ ಬಂತು. ಬ್ರೇಕ್ ಬ್ಯಾಂಡು ತುಕ್ಕಿಗೆ ಹಿಡಿದುಕೊಂಡಿತ್ತು. ಅದನ್ನು ಬಿಚ್ಚಿ ಸಡಿಲಿಸಿ ಏರಿಸುವಷ್ಟರಲ್ಲಿ ಏಳು ತಾಸು. ಲೋಬೆಡ್ಡಿನವನಿಗೆ ಕಾದದ್ದಕ್ಕೂ ದುಡ್ಡು, ಎಳೆದ ಡೋಜರಿಗೂ ದುಡ್ಡು, ಒಟ್ಟು 34 ಸಾವಿರ. ನಿಂತ ಯಂತ್ರ ಕೊಳ್ಳುವವರು ಬ್ರೇಕು, ಕ್ಲಚ್ಚು ಹಿಂದಿನ ದಿನವೇ ಸಡಿಲಿಸಿಟ್ಟು ಆಮೇಲೆ ಲೋಬೆಡ್ ಕರೆಸಿ. ಧಡೇಸೂಗೂರು ಸೇತುವೆ ದಾಟಿ ಸಿಂಧನೂರು ಮೇಲೆ ಕಾರಟಗಿಗೆ ಬರುವಾಗ ರಾತ್ರಿ ಹತ್ತೂವರೆ. ಅಸಲು ಕಾಗದಗಳ ಚೀಲ ನನ್ನ ತೊಡೆಯ ಮೇಲಿತ್ತು.

ಮರುದಿನ ಚಾಚಾ ನಾಜಲ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ಡೀಸೆಲ್, ಎಂಜಿನ್ ಎಣ್ಣೆ ಬೆರೆಸಿ ಸುರಿದರು. ದಿನಾ ಬೆಳಿಗ್ಗೆ ಸುರಿಯೋದು, ಫ್ಲೈವೀಲಿಗೆ ಸಲಾಕೆ ಕೊಟ್ಟು ಮೆಲ್ಲಗೆ ಮೀಟೋದು, ಅಲುಗಲಿಲ್ಲ ಎಂದರೆ ಬಿಡೋದು. ಜೋರು ಮಾಡಿದರೆ ರಿಂಗ್ ಮುರಿಯುತ್ತದೆ, ಸೆಲ್ಫ್ ಕೊಟ್ಟರೆ ಇನ್ನೂ ಕೆಡುತ್ತದೆ. ಐದು ದಿನ ಏನೂ ಇಲ್ಲ. ಆರನೇ ದಿನ ಒಂದು ಬೆರಳಷ್ಟು ಸರಿಯಿತು. ನಾಲ್ಕು ಮನೆಯವರೂ ಅಲ್ಲೇ ನಿಂತಿದ್ದೆವು, ಯಾರ ಬಾಯಿಂದಲೂ ಮಾತು ಬರಲಿಲ್ಲ. ಬಿಚ್ಚಿ ನೋಡಿದರೆ ಒಂದು ಲೈನರ್ (ಸಿಲಿಂಡರಿನ ಒಳಗಿನ ಕೊಳವೆ) ತುಕ್ಕಿಗೆ ಗುಳಿ ಬಿದ್ದಿತ್ತು. ಒಂದೇ ಬದಲಿಸೋಣ ಎಂದೆವು. ಬ್ಯಾಡ, ಪೂರ್ತಿ ಸೆಟ್ ಹಾಕ್ರಿ ಎಂದರು ಚಾಚಾ. ಲೈನರ್, ಪಿಸ್ಟನ್, ಬೇರಿಂಗ್ 1 ಲಕ್ಷ 55 ಸಾವಿರ. ಕ್ರ್ಯಾಂಕ್ 8, ಹೆಡ್ 14, ಪಂಪು ನಾಜಲ್ 32, ಕ್ಲಚ್ ಪ್ಲೇಟ್ ಬಿಡಿಸಿ ಉಜ್ಜಿ ಕೂರಿಸಿದ್ದಕ್ಕೆ 12, ಎಲ್ಲ ಎಣ್ಣೆ 18, ಹೋಸ್ ಪೈಪು 9, ಕೂಲಿ 55. ಲೋಬೆಡ್ ಸೇರಿ 3 ಲಕ್ಷ 37 ಸಾವಿರ. ಯಂತ್ರದ ಬೆಲೆ ಸೇರಿ 6 ಲಕ್ಷ 97 ಸಾವಿರ. ನಾವು ಅಂದಾಜು ಹಾಕಿದ್ದು 6 ಲಕ್ಷ 20 ಸಾವಿರ. ಯಾವ ಅಂದಾಜಿಗೂ ಇನ್ನೊಂದಿಷ್ಟು ಕೂಡಿಸಿಟ್ಟುಕೊಂಡೇ ಇಳಿಯಿರಿ.

ಒಂದು ಮಾತು ಜೀವದ್ದು. ಚೈನ್ ಬಿಗಿ ಮಾಡೋದು ಐಡ್ಲರ್, ಅಂದರೆ ಚೈನ್ ಸುತ್ತಿ ಬರುವ ಮುಂದಿನ ಚಕ್ರದ ಹಿಂದಿರುವ ಗ್ರೀಸ್ ಸಿಲಿಂಡರಿನಿಂದ. ಸಡಿಲ ಮಾಡುವಾಗ ಅದರ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ಬಿಚ್ಚಬಾರದು, ಅದರ ಎದುರಿಗೆ ಮುಖ ಇಡಲೇಬಾರದು. ಒಳಗಿನ ಒತ್ತಡಕ್ಕೆ ವಾಲ್ವ್ ಗುಂಡಿನ ಹಾಗೆ ಹಾರುತ್ತದೆ. ಚಾಚಾ ಜೊತೆ ಬಂದ ಹುಡುಗ ಬಗ್ಗಿ ನೋಡುತ್ತ ಬಿಚ್ಚುತ್ತಿದ್ದ. ಅವರು ಕೂಗಿದ ಕೂಗಿಗೆ ಪಕ್ಕದ ಹೊಲದವರು ಓಡಿ ಬಂದರು. ಸಿಲಿಂಡರಿನ ಹಿಂದಿರುವ ದೊಡ್ಡ ಸ್ಪ್ರಿಂಗನ್ನಂತೂ ಒತ್ತಿ ಹಿಡಿಯುವ ಪ್ರೆಸ್ ಯಂತ್ರ ಇಲ್ಲದೆ ಯಾರೂ ಬಿಚ್ಚಬೇಡಿ. ಬ್ಲೇಡ್ ಕೆಳಗೆ ಕೆಲಸ ಮಾಡುವಾಗ ಅದನ್ನು ನೆಲಕ್ಕಾದರೂ ಇಳಿಸಿ, ಇಲ್ಲ ದಪ್ಪ ದಿಮ್ಮಿ ಕೊಡಿ.

ಮೇ 12ಕ್ಕೆ ಕೆಲಸ ಶುರುವಾಯಿತು. ಚೀಟಿಯಲ್ಲಿ ನನ್ನದು ಎರಡನೇದು. ಎಂಟನೇ ದಿನಕ್ಕೆ ಮಳೆ. ಆ ವರ್ಷ ಮುಂಗಾರು ಬೇಗ ಬಂದದ್ದು ನೆನಪಿರಬಹುದು. ಹಸಿ ಎರೆ ಸ್ಪ್ರಾಕೆಟ್ ಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡು ಚೈನನ್ನು ತಂತಿಯ ಹಾಗೆ ಬಿಗಿಯುತ್ತದೆ. ಹಾಗೇ ಓಡಿಸಿದರೆ ಒಳ್ಳೆ ಚೈನೂ ಹಾಳು. ಹನ್ನೊಂದು ದಿನ ನಿಲ್ಲಿಸಿದೆವು. ದಿನಾ ಸಂಜೆ ಸಲಾಕೆಯಿಂದ ಮಣ್ಣು ಕೆರೆದು ತೆಗೆಯೋದು ಅಂದಿನಿಂದ ರೂಢಿಯಾಯಿತು. ಜೂನಿನಲ್ಲಿ ಜಾಲಿ ಕೀಳುವಾಗ ಒಂದು ಬೊಡ್ಡೆಯ ಮೇಲೆ ತಿರುಗಿಸಿ ಎಡಗಡೆ ಚೈನ್ ಕಳಚಿ ಬಿತ್ತು. ಗ್ರೀಸ್ ವಾಲ್ವ್ ಸಣ್ಣಗೆ ಸೋರಿ ಚೈನ್ ಸಡಿಲಾದದ್ದನ್ನು ನಾವು ನೋಡಿರಲಿಲ್ಲ. ಜಾಕ್ ಕೊಟ್ಟು, ಚೈನ್ ಬಿಚ್ಚೋದಕ್ಕೆಂದೇ ಇರುವ ಮಾಸ್ಟರ್ ಪಿನ್ ಹೊಡೆದು ತೆಗೆದು ಮತ್ತೆ ಕೂರಿಸಲಿಕ್ಕೆ ನಾಲ್ಕು ತಾಸು. ಈಗ ದಿನಾ ಬೆಳಿಗ್ಗೆ ಮೇಲಿನ ರೋಲರ್ ಮತ್ತು ಐಡ್ಲರ್ ನಡುವೆ ಪಟ್ಟಿ ಇಟ್ಟು ಜೋತು ಅಳೆಯುತ್ತೇವೆ, 20ರಿಂದ 30 ಮಿಲಿಮೀಟರ್ ಇರಬೇಕು.

ಮಟ್ಟ ಮಾಡುವವರು ಮೇಲಿನ ಅರ್ಧ ಅಡಿ ಮಣ್ಣನ್ನು ಮೊದಲು ಒಂದು ಬದಿಗೆ ಗುಡ್ಡೆ ಹಾಕಿಸಿ, ಕೆಳಗಿನದನ್ನು ಕಡಿದು ತುಂಬಿಸಿ, ಆಮೇಲೆ ಮೇಲ್ಮಣ್ಣು ಹರಡಿಸಿ. ಗಂಟೆ ಹೆಚ್ಚು ಹಿಡಿಯುತ್ತದೆ. ಅವಸರದಲ್ಲಿ ನನ್ನ ಒಂದು ಎಕರೆಗೆ ಹಾಗೆ ಮಾಡಲಿಲ್ಲ, ಸುಣ್ಣದ ಹರಳು ಮೇಲೆ ಬಂದು ಅಲ್ಲಿನ ಭತ್ತ ಹಳದಿಯಾಗಿದೆ.

ಆ ವರ್ಷ ಆದದ್ದು 230 ಗಂಟೆ. ಬಾಡಿಗೆಗೆ ತಂದಿದ್ದರೆ 4 ಲಕ್ಷ 14 ಸಾವಿರ ಆಗುತ್ತಿತ್ತು. ನಮ್ಮದು ಡೀಸೆಲ್, ಆಪರೇಟರ್ ಸೇರಿ ಕಾಲು ಕಮ್ಮಿ ಹತ್ತು ಲಕ್ಷ ಹೋಗಿದೆ. ಐದೂವರೆ ಲಕ್ಷದ ಮೇಲೆ ದುಡ್ಡು ಯಂತ್ರದಲ್ಲೇ ಕೂತಿದೆ. ಮುಂದಿನ ಬೇಸಿಗೆ ಉಳಿದ ಹೊಲ ಮುಗಿಸಿ ಮಾರೋದೋ, ಇಟ್ಟುಕೊಳ್ಳೋದೋ ಇನ್ನೂ ತೀರ್ಮಾನವಾಗಿಲ್ಲ. ಸರ ಇನ್ನೂ ಬಿಡಿಸಿಲ್ಲ.

ಜುಲೈನಲ್ಲಿ ಕಾಲುವೆಗೆ ನೀರು ಬಂದಾಗ ತೂಬು ಎತ್ತಿ ನಾನೂ ಮನೆಯವಳೂ ಒಡ್ಡಿನ ಮೇಲೆ ನಿಂತೆವು. ಕೊನೇ ಮಡಿಗೆ ನೀರು ಮುಟ್ಟುವಾಗ ಸಂಜೆ ನಾಲ್ಕೂವರೆ. ಯಂತ್ರ ಮನೆ ಹಿಂದೆ ನಿಂತಿದೆ. ಬಲಗಡೆ ಸ್ಟೇರಿಂಗ್ ಲಿವರ್ ಇನ್ನೂ ಬಿಗಿ, ದಸರೆ ಕಳೆದ ಮೇಲೆ ಬಂದು ನೋಡುತ್ತೇನೆ ಎಂದಿದ್ದಾರೆ ಚಾಚಾ. ಮೋಡ ಕಪ್ಪಾದರೆ ಸಾಕು, ಅವ್ವ ಒಳಗಿನಿಂದಲೇ ಕೂಗುತ್ತಾಳೆ: "ಅದರ ಕೊಳವಿ ಮ್ಯಾಲೆ ಡಬ್ಬಿ ಐತೇನೋ ನೋಡು."